ಪರದೆಯ ರಾಟೆಗೆ ಬಿಟ್ಟ ಎಣ್ಣೆ

ಕಳೆದ ವಾರ ವಾಮದಪದವಿನಲ್ಲಿ ಶಾಲೆಯ ವಾರ್ಷಿಕೋತ್ಸವಕ್ಕೆ ಸ್ಟೇಜು ಕಟ್ಟುತ್ತಿದ್ದೆವು. ಪರದೆಯ ಹಗ್ಗ ಹಾಯುವ ಕಬ್ಬಿಣದ ರಾಟೆಗೆ ಯಾರೋ ತೆಂಗಿನೆಣ್ಣೆ ಬಿಟ್ಟರು. ತುಕ್ಕು ಮತ್ತು ಎಣ್ಣೆ ಸೇರಿದ ಆ ಕನರು ವಾಸನೆ ಮೂಗಿಗೆ ಬಡಿದದ್ದೇ, ಕೈಯಲ್ಲಿದ್ದ ಹಗ್ಗ ಬಿಟ್ಟು ಕುಳಿತೆ. ನನ್ನ ತಮ್ಮನ ಅಂಗೈಯ ವಾಸನೆ ಅದು...

ನಮ್ಮೂರ ತುಳು ನಾಟಕ ತಂಡದಲ್ಲಿ ನಾನು ಪರದೆ ಎಳೆಯುವವನಾಗಿದ್ದೆ. ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವನು, ಮಾತುಗಳನ್ನು ಕೇಳಿ ಕೇಳಿಯೇ ಬಾಯಿಪಾಠ ಮಾಡಬೇಕಿತ್ತು. ಒಂದು ವರ್ಷ ಹೇಗೋ ನನಗೂ ದೊಡ್ಡ ಪಾತ್ರ ಸಿಕ್ಕಿತು. ರಿಹರ್ಸಲಿನಲ್ಲಿ ನಾನು ತಡವರಿಸುವುದನ್ನು ನೋಡಿ ನಿರ್ದೇಶಕರು ಅದನ್ನು ತಂಡದಲ್ಲೇ ಇದ್ದ ನನ್ನ ತಮ್ಮನಿಗೆ ಕೊಟ್ಟರು. "ನೀನು ಹಗ್ಗವೇ ಹಿಡಿ ಮಾರಾಯ, ಅದಕ್ಕೆ ಓದ್ಲಿಕ್ಕೆ ಬರಬೇಕಂತ ಇಲ್ಲ" ಎಂದರು. ಎಲ್ಲರೂ ನಕ್ಕರು. ತಮ್ಮ ನಗಲಿಲ್ಲ. ಅದೇ ನನಗೆ ಹೆಚ್ಚು ಚುಚ್ಚಿತು.

ನಮ್ಮಲ್ಲಿ ಒಂದು ಕ್ರಮ ಇತ್ತು. ನಟನಿಗೆ ಮಾತು ಮರೆತರೆ ಸೈಡ್‌ವಿಂಗ್‌ನಿಂದ ಪ್ರಾಂಪ್ಟರ್ ಪಿಸುಗುಟ್ಟುತ್ತಾನೆ. ಆಗಲೂ ಬಾರದಿದ್ದರೆ ಅವನು ಹಲಗೆ ತಟ್ಟಬೇಕು. ಎದುರು ಬದಿಯಲ್ಲಿರುವ ನಾನು ಬಿಗಿಹಿಡಿದ ಹಗ್ಗ ಸಡಿಲಿಸಿ ಪರದೆ ಬೀಳಿಸಬೇಕು. ಹಾಸ್ಯಪಾತ್ರದವನು ಪರದೆಯ ಮುಂದೆ ಹೋಗಿ ಜನರನ್ನು ನಗಿಸುವಷ್ಟರಲ್ಲಿ ಒಳಗೆ ನಟ ನೀರು ಕುಡಿದು ಸುಧಾರಿಸಿಕೊಳ್ಳುತ್ತಾನೆ. ಮರೆತದ್ದು ಯಾರಿಗೂ ತಿಳಿಯುವುದಿಲ್ಲ.

ಬೆಳ್ತಂಗಡಿಯಲ್ಲಿ ಮೊದಲ ಪ್ರದರ್ಶನ. ತಮ್ಮನನ್ನು ನೋಡಲೆಂದೇ ಮೂಡುಬಿದಿರೆಯ ದೊಡ್ಡ ತಂಡವೊಂದರ ಯಜಮಾನರು ಎದುರಿನ ಸಾಲಿನಲ್ಲಿ ಕುಳಿತಿದ್ದರು. ಅವರಿಗೆ ಒಪ್ಪಿಗೆಯಾದರೆ ಅವನಿಗೆ ನಟನೆಯೇ ಕಸುಬಾಗುತ್ತಿತ್ತು. ಎರಡನೇ ಸೀನಿನಲ್ಲಿ ಅವನ ಮಾತು ನಿಂತಿತು. ಪ್ರಾಂಪ್ಟರ್ ಹೇಳಿಕೊಟ್ಟ, ಹಲಗೆ ತಟ್ಟಿದ. ತಮ್ಮ ನನ್ನ ಕಡೆ ನೋಡಿದ.

ನಾನು ಹಗ್ಗವನ್ನು ಇನ್ನೂ ಬಿಗಿಯಾಗಿ ಹಿಡಿದುಕೊಂಡೆ.

"ಹೋಯ್, ಬ್ಯಾಟರಿ ಮುಗೀತಾ?" ಎಂದು ಹಿಂದಿನಿಂದ ಯಾರೋ ಕೂಗಿದರು. "ಬೆನ್ನಿಗೆ ಎರಡು ತಟ್ಟಿ ಮಾರಾಯ್ರೆ, ರೇಡಿಯೋ ಸರಿ ಆಗ್ತದೆ!" ಸೀಟಿ, ನಗು. ಅವನ ಮುಖದ ಬಣ್ಣದ ಮೇಲೆ ಬೆವರು ಗೆರೆಗೆರೆಯಾಗಿ ಇಳಿಯಿತು. ಯಜಮಾನರು ಎದ್ದು ಹೋಗುವವರೆಗೂ ನಾನು ಬಿಡಲಿಲ್ಲ. ಆಗ ನನಗೆ ಸುಖವೇ ಆಗಿತ್ತು.

"ರಾಟೆ ಸಿಕ್ಕಿಕೊಂಡಿತು" ಎಂದೆ ಆಮೇಲೆ.

"ಅದಕ್ಕೆ ನೀನು ಎಂತ ಮಾಡುದು ಅಣ್ಣಾ, ಬೇಜಾರು ಮಾಡ್ಬೇಡ" ಎಂದು ಅವನೇ ನನ್ನನ್ನು ಸಮಾಧಾನ ಮಾಡಿದ.

ಮತ್ತೆ ಅವನು ಬಣ್ಣ ಹಚ್ಚಲಿಲ್ಲ. ತಂಡ ಬಿಡಲೂ ಇಲ್ಲ. ಪ್ರತಿ ನಾಟಕಕ್ಕೆ ಮೊದಲು ಏಣಿ ಹತ್ತಿ ರಾಟೆಗೆ ಎಣ್ಣೆ ಬಿಡುವುದು ಅವನ ಕೆಲಸವಾಯಿತು. "ನನಗೆ ಆದದ್ದು ಇನ್ನೊಬ್ಬನಿಗೆ ಆಗ್ಬಾರ್ದು" ಎನ್ನುತ್ತಿದ್ದ. ಕೆಳಗೆ ಏಣಿ ಹಿಡಿದು ನಿಲ್ಲುತ್ತಿದ್ದವನು ನಾನೇ. ಎಷ್ಟೋ ಸಲ ಬಾಯಿಯವರೆಗೆ ಬಂದ ಮಾತು...

ಗುರುವಾಯನಕೆರೆಯಲ್ಲಿ ಒಂದು ಸಂಜೆ ನಾನು ಚಹಾ ಕುಡಿಯಲು ಹೋಗಿದ್ದಾಗ ಅವನು ಒಬ್ಬನೇ ಹತ್ತಿದ. ಏಣಿ ಜಾರಿತು. ನಾನು ಓಡಿ ಬಂದಾಗ ಎಣ್ಣೆಯ ಬಾಟಲಿ ಇನ್ನೂ ಉರುಳುತ್ತಿತ್ತು. ಅವನು ಅಲುಗಲಿಲ್ಲ.

ಕಳೆದ ವಾರ ಆ ವಾಸನೆಗೆ ನಾನು ಕುಳಿತಲ್ಲಿಗೆ ಶಾಲೆಯ ಟೀಚರ್ ಬಂದು, ಮೇಲೆ ನೋಡುತ್ತ ಕೇಳಿದರು: "ಇನ್ನು ಇದು ಸಿಕ್ಕಿಕೊಳ್ಳುದಿಲ್ಲ ಅಲ್ವಾ ಅಣ್ಣಾ?"

"ಇಲ್ಲ ಟೀಚರ್" ಎಂದೆ. "ಯಾವತ್ತೂ ಸಿಕ್ಕಿಕೊಂಡದ್ದಿಲ್ಲ."

ಅಷ್ಟು ಸಣ್ಣ ಮಾತು. ಏಣಿಯ ಕೆಳಗೆ ನಿಂತು ಒಮ್ಮೆ ಹೇಳಿದ್ದರೆ ಅವನು ಇಳಿದು ಬರುತ್ತಿದ್ದ...