ನನ್ನ ತವರಿನ ಎಮ್ಮೆಯ ಮೂರನೇ ಕರು

ಚಿಗಳ್ಳಿಯಿಂದ ಹಳಿಯಾಳದ ಹತ್ತಿರದ ಈ ಊರಿಗೆ ನಾನು ಸೊಸೆಯಾಗಿ ಬಂದ ನಾಲ್ಕು ವರ್ಷಕ್ಕೆ ನನ್ನ ಹಿಂದೆ ಒಂದು ಎಮ್ಮೆಯೂ ಬಂತು. ಅಪ್ಪ ಪ್ರೀತಿಯಿಂದ ಟೆಂಪೋದಲ್ಲಿ ಹೇರಿ ಕಳಿಸಿದ್ದು. ಕೆಳಗಿಳಿಯುತ್ತಲೇ ಅದು ಅತ್ತೆಯ ಬದನೆ ಗಿಡಗಳನ್ನು ಬುಡಸಮೇತ ಮೇಯ್ದುಬಿಟ್ಟಿತು. ಅಂದಿನಿಂದ ಅತ್ತೆಯ ಬಾಯಲ್ಲಿ ಅದಕ್ಕೆ "ನಿನ್ನ ಎಮ್ಮಿ" ಎಂದೇ ಹೆಸರು. ಊರವರು ಯಾರಾದರೂ ಅದರ ಮೈಕಟ್ಟು ಹೊಗಳಿದರೆ ಮಾತ್ರ ಅಷ್ಟು ಹೊತ್ತು "ನಮ್ಮ ಎಮ್ಮಿ".

ಆ ಎಮ್ಮೆಯ ಮೊದಲ ಕರು ಹುಟ್ಟುವಾಗಲೇ ಸತ್ತಿತು. ಎರಡನೆಯದೂ ಹಾಗೇ ಆಯಿತು. ಎರಡು ಸಲವೂ ನಾವು ಗದ್ದೆಯಲ್ಲಿದ್ದೆವು, ಮನೆಗೆ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಸತ್ತ ಕರುವನ್ನು ಅದು ನೆಕ್ಕುತ್ತಲೇ ನಿಂತಿತ್ತು. ಎದುರಿಗೆ ಕರುವಿಲ್ಲದೆ ಹಾಲನ್ನೂ ಇಳಿಸಲಿಲ್ಲ. ಮೂರನೇ ಸಲ ಗಬ್ಬವಾದಾಗ ಅತ್ತೆ ಕಡ್ಡಿ ಮುರಿದಂತೆ ಹೇಳಿಬಿಟ್ಟರು.

"ಈ ಸಲನೂ ಕರು ಉಳೀಲಿಲ್ಲಂದ್ರ ಎಮ್ಮಿ ಸಂತಿಗೆ ಹೋಗೂದ. ನಿನ್ನ ತವರಮನಿ ಎಮ್ಮೀದ ಗುಣಾನ ಸರಿ ಇಲ್ಲ."

ಎಮ್ಮೆಗೆ ಅಂದದ್ದು ನನಗೂ ತಾಗಿತು. ತಾಗಲಿ ಎಂದೇ ಅಂದದ್ದು. ಎಮ್ಮೆಯನ್ನು ಕಳೆದುಕೊಳ್ಳಬಾರದು, ಅದೊಂದೇ ತಲೆಯಲ್ಲಿ ಕೂತಿತು. ಹಳಿಯಾಳದ ಪಶುವೈದ್ಯೆಯ ಹತ್ತಿರ ಹೋಗಿ ಎಲ್ಲ ತೋಡಿಕೊಂಡೆ. ನಾವು ಅವರನ್ನು ಡಾಕ್ಟರಬಾಯಿ ಎನ್ನುತ್ತೇವೆ. ಪರೀಕ್ಷೆ ಮಾಡಿ ನೋಡಲೆಂದು ಅವರ ಬಳಿ ಒಂದು ಸೆನ್ಸರ್ ಬಂದಿತ್ತು. ಅದನ್ನು ನನ್ನ ಕೈಗೆ ಕೊಟ್ಟರು.

ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡ ಡಬ್ಬಿ, ಅದಕ್ಕೊಂದು ಪಟ್ಟಿ. ಬಾಲದ ಬುಡಕ್ಕೆ ಕಟ್ಟಬೇಕು. ಈಯುವ ಹೊತ್ತು ಹತ್ತಿರ ಬಂದಾಗ ಎಮ್ಮೆ ಮತ್ತೆ ಮತ್ತೆ ಬಾಲ ಎತ್ತುತ್ತದಲ್ಲ, ಆ ಅಲುಗಾಟವನ್ನು ಎಣಿಸಿ ಡಬ್ಬಿ ಫೋನಿಗೆ ಕರೆ ಮಾಡುತ್ತದೆ. ಎತ್ತಿದರೆ ಒಬ್ಬ ಹೆಣ್ಣುಮಗಳ ದನಿ ಹೇಳುತ್ತದೆ: "ನಿಮ್ಮ ಎಮ್ಮೆ ಕರು ಹಾಕುವ ಸೂಚನೆ ಇದೆ. ದಯವಿಟ್ಟು ಹೋಗಿ ನೋಡಿ."

"ಬಾಲಕ್ಕ ಗಡಿಯಾರ ಕಟ್ಟ್ಯಾಳ ನಮ್ಮ ಸೊಸಿ," ಎಂದು ಅತ್ತೆ ಓಣಿಯಲ್ಲೆಲ್ಲ ಹೇಳಿಕೊಂಡು ಬಂದರು.

ದಿನ ತುಂಬಿದ್ದಾಗಲೇ ದೀಪಾವಳಿ ಪಾಡ್ಯ ಬಂತು. ನಮ್ಮ ಕಡೆ ಅವತ್ತು ದನಕರುಗಳದೇ ಹಬ್ಬ. ದನದ ಹಟ್ಟಿಯಲ್ಲಿ ಸಗಣಿಯಿಂದ ಮಾಡಿದ ಹಟ್ಟೆವ್ವ ದೇವಿಯನ್ನು ಕೂರಿಸಿ, ಚೆಂಡು ಹೂ ಮುಡಿಸಿ, ಎಮ್ಮೆಗಳ ಮೈ ತೊಳೆದು, ಕೋಡಿಗೆ ಬಣ್ಣ ಬಳಿದು ಗೊಂಡೆ ಕಟ್ಟುವುದು. ಯಜಮಾನರಿಗೆ ದಾಂಡೇಲಿಯಲ್ಲಿ ಕೆಲಸ, ಹಬ್ಬದಂದೂ ರಜೆ ಸಿಕ್ಕಿರಲಿಲ್ಲ. ಎಮ್ಮೆಯ ಮೈ ತೊಳೆಯುವ ಮುಂಚೆ ನಾನು ಡಬ್ಬಿ ಬಿಚ್ಚಿ ಅತ್ತೆಯ ಕೈಗೆ ಕೊಟ್ಟೆ. "ಮೈ ಒಣಗಿದ ಮ್ಯಾಲ ಮತ್ತ ಕಟ್ರಿ" ಎಂದು ಹೇಳಿ ಹೋಳಿಗೆ ಮಾಡಲು ಒಳಗೆ ಹೋದೆ.

ಹೋಳಿಗೆ ಹಂಚಿನ ಮೇಲಿರುವಾಗಲೇ ಮೊದಲ ಕರೆ ಬಂತು. ಹಿಟ್ಟಿನ ಕೈಯಲ್ಲೇ ಎದ್ದು ಓಡಿದೆ. ಮೈತುಂಬ ಅಲಂಕಾರ ಮಾಡಿಕೊಂಡ ಎಮ್ಮೆ ಗೊಂಡೆ ಕೊಡವುತ್ತ ನಿಂತು ನನ್ನನ್ನೇ ನೋಡಿತು. ಬಾಲಕ್ಕೂ ಅತ್ತೆ ಕೆಂಪು ಬಟ್ಟೆ ಸುತ್ತಿದ್ದರು, ಡಬ್ಬಿ ಅದರೊಳಗೇ ಇದೆ ಎಂದುಕೊಂಡೆ. ನೋವಿನ ಸುಳಿವೇ ಇಲ್ಲ. ಒಳಗೆ ಬಂದರೆ ಹೋಳಿಗೆ ಕರಕಲಾಗಿತ್ತು.

ಅರ್ಧ ತಾಸಿಗೆ ಇನ್ನೊಂದು ಕರೆ. ಮತ್ತೊಂದು. ನಾಲ್ಕನೆಯದಕ್ಕೆ ನನ್ನ ಪಿತ್ತ ನೆತ್ತಿಗೇರಿತು. ಕೆಟ್ಟುಹೋದ ಯಂತ್ರವನ್ನು ಡಾಕ್ಟರಬಾಯಿ ನನ್ನ ತಲೆಗೆ ಕಟ್ಟಿದರು ಎಂದು ಬೈದುಕೊಂಡು ಫೋನನ್ನು ಅತ್ತೆಯ ಮುಂದೆ ಕುಕ್ಕಿ, "ಇನ್ನ ನಾ ಏಳಂಗಿಲ್ಲ" ಎಂದೆ.

ಅತ್ತೆಗೆ ಫೋನ್ ಎಂದರೆ ಅದರೊಳಗೆ ಮಾತಾಡುವವರು ಮನುಷ್ಯರೇ. ಆ ದನಿ ಬಂದಾಗಲೆಲ್ಲ ಅವರು ಉತ್ತರ ಕೊಡತೊಡಗಿದರು.

"ಬಂದ್ನಿ ತಡೀವಾ. ಈಗರ ನೋಡಿ ಬಂದೇನಿ. ನೀ ಊಟ ಮಾಡೀ ಇಲ್ಲೋ? ಹಬ್ಬದ ದಿವಸನೂ ದುಡಸ್ತಾರೇನ ನಿನ್ನ?"

"ಅತ್ತ್ಯಾರ, ಅದು ರೆಕಾರ್ಡ್ ಐತ್ರಿ. ಕಟ್ ಮಾಡ್ರಿ."

"ಹೆಣ್ಣಮಗಳು ಇಷ್ಟ ಸಲ ಕರದ್ರ ಹೋಗಿ ನೋಡಬ್ಯಾಡನು? ಆಕಿ ಏನ ಅನ್ಕೋಬೇಕು!"

ಪ್ರತಿ ಕರೆಗೂ ಅವರು ಮೊಣಕಾಲು ಹಿಡಿದುಕೊಂಡು ಎದ್ದು ಹೋಗಿ ನೋಡಿ ಬಂದರು. ನಾನು ನಗುತ್ತ ಅಡುಗೆಮನೆಯಲ್ಲಿ ಕೂತೆ. ಮಧ್ಯಾಹ್ನ ಇಳಿಯುವ ಹೊತ್ತಿಗೆ ಎಷ್ಟನೆಯ ಸಲವೋ ಎದ್ದು ಹೋದವರು ಹಟ್ಟಿಯಿಂದಲೇ ಕೂಗಿದರು. "ಲಗೂನ ಬಾರವಾ! ನೀರ ಒಡದೈತಿ, ಒಂದ ಕಾಲ ಬಂದೈತಿ!"

ಒಂದೇ ಕಾಲು. ಇನ್ನೊಂದು ಒಳಗೇ ಮಡಚಿಕೊಂಡಿತ್ತು. ಡಾಕ್ಟರಬಾಯಿಗೆ ಫೋನ್ ಹಚ್ಚಿದೆ. ಹೊರಟೆ ಎಂದರು, ಆದರೆ ತಾವು ಬರುವವರೆಗೆ ಕಾಯಬಾರದು, ನಾನೇ ಕೈ ಹಾಕಬೇಕು ಎಂದರು. ಅತ್ತೆ ಫೋನನ್ನು ನನ್ನ ಕಿವಿಗೆ ಹಿಡಿದು ನಿಂತರು. ಸೋಪು ಹಚ್ಚಿ ಕೈ ತೊಳೆದು, ಮೊಣಕೈವರೆಗೆ ಎಣ್ಣೆ ಬಳಿದುಕೊಂಡೆ.

"ಎಮ್ಮಿ ತಿಣುಕೂದು ನಿಂತಾಗ ಕರಾ ಹಿಂದಕ್ಕ ತಳ್ರಿ ಅಕ್ಕಾ. ಗೊರಸು ನಿಮ್ಮ ಅಂಗೈಯಾಗ ಮುಚ್ಚಿ ಹಿಡೀರಿ, ಎಮ್ಮೀಗೆ ಒಳಗ ಹರೀಬಾರದು. ಈಗ ಮೆಲ್ಲಕ ಮುಂದಕ್ಕ ತರ್ರಿ."

ಎರಡು ಸಲ ಗೊರಸು ಜಾರಿತು. ಮೂರನೇ ಸಲ ಅಂಗೈಯಲ್ಲಿ ಕೂತಿತು, ಕಾಲು ನೆಟ್ಟಗಾಗಿ ಹೊರಗೆ ಬಂತು. ಆಮೇಲೆ ಎಮ್ಮೆ ತಿಣುಕಿದಾಗ ಎಳೆದು, ನಿಂತಾಗ ಬಿಟ್ಟು, ನಾನೂ ಅತ್ತೆಯೂ ಕೂಡಿಯೇ ಕರುವನ್ನು ನೆಲಕ್ಕೆ ತಂದೆವು. ಅದು ಅಲುಗಾಡಲಿಲ್ಲ. ಅತ್ತೆ ಬಾಯೊಳಗಿನ ಲೋಳೆ ತೆಗೆದು, ಮೂಗಿಗೆ ಹುಲ್ಲುಕಡ್ಡಿ ಹಾಕಿ, ಗೋಣಿಚೀಲದಿಂದ ಎದೆ ತಿಕ್ಕಿದರು. "ಏಳ, ಏಳ ನನ ಬಂಗಾರಾ" ಎನ್ನುತ್ತಲೇ ಇದ್ದರು. ಕರು ಒಮ್ಮೆ ಸೀನಿತು. ನಾನು ಅಲ್ಲೇ ಸಗಣಿಯಲ್ಲಿ ಕೂತು ಅತ್ತುಬಿಟ್ಟೆ.

ಡಾಕ್ಟರಬಾಯಿ ಬಂದಾಗ ಕರು ನಡುಗುವ ಕಾಲಲ್ಲಿ ಎದ್ದು ಕೆಚ್ಚಲು ಹುಡುಕುತ್ತಿತ್ತು. ತಾಯಿಯನ್ನೂ ಮಗುವನ್ನೂ ನೋಡಿ, ಎಲ್ಲ ಸರಿ ಇದೆ ಎಂದು, ಬಾಲದ ಕೆಂಪು ಬಟ್ಟೆ ಬಿಚ್ಚಿದರು. ಡಬ್ಬಿ ಇಲ್ಲ. ಹುಡುಕಿದರೆ ಅದು ಕೋಡಿನ ಗೊಂಡೆಯ ನಡುವೆ, ಅರಿಶಿನ ಕುಂಕುಮ ಹಚ್ಚಿಸಿಕೊಂಡು ಕೂತಿತ್ತು. ಎಮ್ಮೆ ತಲೆ ಕೊಡವಿದಾಗಲೆಲ್ಲ ಅದು ಬಾಲ ಎತ್ತಿತೆಂದೇ ಡಬ್ಬಿ ಎಣಿಸಿತ್ತು.

"ಪಾಡ್ಯದ ದಿವಸ ಅದನ್ನ ಸಗಣಿ ಹತ್ತೂ ಜಾಗದಾಗ ಕಟ್ಟೂದನು? ಕರಾ ಕಾಯೂ ವಸ್ತು," ಎಂದರು ಅತ್ತೆ, ಒಂದಿಷ್ಟೂ ನಾಚದೆ. "ಪೂಜಿ ಮಾಡಿ ಕೋಡಿಗೆ ಕಟ್ಟೇನಿ."

ಡಾಕ್ಟರಬಾಯಿ ಹಟ್ಟಿಯ ಕಂಬ ಹಿಡಿದುಕೊಂಡು ನಕ್ಕರು. ನಾನು ನಗುತ್ತಲೇ ಲೆಕ್ಕ ಹಾಕಿದೆ. ಡಬ್ಬಿ ತಪ್ಪು ಜಾಗದಲ್ಲಿತ್ತು, ನಾನು ಅದನ್ನು ನಂಬುವುದನ್ನೇ ಬಿಟ್ಟಿದ್ದೆ. ಕರು ಉಳಿದದ್ದು ಅತ್ತೆ ಎದ್ದು ಎದ್ದು ಹೋಗಿ ನೋಡಿದ್ದರಿಂದ.

ಡಾಕ್ಟರಬಾಯಿ ಹೋದ ಮೇಲೆ ಅತ್ತೆ ಗಿಣ್ಣದ ಹಾಲು ಹಿಂಡಲು ಕೂತರು. ನಾನು ಕರುವನ್ನು ಎದುರಿಗೆ ಹಿಡಿದು ನಿಂತೆ. ಅವರು ಮುಖ ಎತ್ತದೆಯೇ ಹೇಳಿದರು.

"ಎಲ್ಡೂ ಕರಾ ನಾವು ಇಲ್ಲದಾಗ ಸತ್ತು. ನಾವು ಬಾಜೂಕ ಇದ್ದಿದ್ರ ಅವೂ ಉಳೀತಿದ್ದು ನೋಡು. ತಪ್ಪು ನಮ್ಮದು. ಎಮ್ಮೀಗೆ ಅಂದೆ, ನಿನಗೂ ಅಂದೆ. ಅನಬಾರದಿತ್ತವಾ."

ಎರಡು ವರ್ಷದಿಂದ ಅತ್ತೆಗೆ ಕೊಡಬೇಕೆಂದು ನಾನು ಎಷ್ಟೋ ಉತ್ತರಗಳನ್ನು ಮನಸ್ಸಿನಲ್ಲೇ ಮಸೆದು ಇಟ್ಟುಕೊಂಡಿದ್ದೆ. ಅದರಲ್ಲಿ ಒಂದೂ ಈ ಮಾತಿಗೆ ಹೊಂದಲಿಲ್ಲ.

"ಕೈ ತೊಳಕೊಳ್ರಿ ಅತ್ತ್ಯಾರ," ಎಂದೆ. "ಮುಂಜಾನಿಂದ ಏನೂ ತಿಂದಿಲ್ಲ ನೀವು. ಬಿಸಿ ಹೋಳಿಗಿ ಮಾಡ್ತೇನಿ."