ಟೈಲರ್ ತಾತನಿಗೊಂದು ಬೇರೆ ಪಾತ್ರೆ

ಹೊರಗೆ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಆಸ್ಪತ್ರೆಯ ಅಡುಗೆಮನೆಯಲ್ಲಿ ಮಾತ್ರ ಒಲೆಗಳೆಲ್ಲ ಉರಿದು, ಕಿಟಕಿಯ ಗಾಜು ಆಗಲೇ ಬೆವರಿದೆ. ದೊಡ್ಡಕ್ಕ ತೋಳು ಮೇಲೇರಿಸಿಕೊಂಡು ಒಂದು ಪಾತ್ರೆಗೆ ಉಪ್ಪು ಹಾಕುತ್ತಾರೆ, ಪಕ್ಕದ್ದಕ್ಕೆ ಅದರ ಅರ್ಧ, ಮೂರನೆಯದರ ಹತ್ತಿರ ಉಪ್ಪಿನ ಡಬ್ಬಿ ಸುಳಿಯಲೂ ಬಿಡುವುದಿಲ್ಲ. ಅವರಿಗಿಂತ ಹಿರಿಯರಾದ ವಾರ್ಡಿನ ಆಯಾಗಳೂ ಅವರನ್ನು ದೊಡ್ಡಕ್ಕ ಎಂದೇ ಕರೆಯುತ್ತಾರೆ. ಈ ಬಡ್ತಿ ಯಾವಾಗ ಸಿಕ್ಕಿತೆಂದು ಅವರಿಗೇ ನೆನಪಿಲ್ಲ.

ದಿನಕ್ಕೆ ಹತ್ತಿರ ಹತ್ತಿರ ಮುನ್ನೂರು ತಟ್ಟೆ ಇಲ್ಲಿಂದ ಮೇಲೆ ಹೋಗುತ್ತವೆ. ಸಕ್ಕರೆ ಕಾಯಿಲೆಯವರದು ಒಂದು ಬಗೆ, ಕಿಡ್ನಿ ಕೆಟ್ಟವರದು ಇನ್ನೊಂದು. ಮಾಂಸ ಮುಟ್ಟದವರು, ಈರುಳ್ಳಿ ಬಿಟ್ಟವರು, ಹೊತ್ತು ಮುಳುಗಿದ ಮೇಲೆ ಬಾಯಿಗೆ ಏನೂ ಹಾಕದವರು ಬೇರೆ. "ಡಾಕ್ಟ್ರು ಹೇಳಿದ್ದು ಒಂದು ಊಟ, ಮನಸ್ಸು ಒಪ್ಪೋದು ಇನ್ನೊಂದು. ಎರಡನ್ನೂ ಒಂದೇ ತಟ್ಟೆಗೆ ತರೋಷ್ಟರಲ್ಲಿ ನನಗೆ ಸಾಕುಬೇಕಾಗುತ್ತೆ," ಎನ್ನುತ್ತಾರೆ.

ಮೊದಲು ಅವರು ಕಾರ್ಖಾನೆಯ ಕ್ಯಾಂಟೀನಿನಲ್ಲಿದ್ದರು. ಅಲ್ಲಿ ಎಲ್ಲರಿಗೂ ಒಂದೇ ಹಂಡೆ. ಇಲ್ಲಿಗೆ ಬಂದ ಮೇಲೆ ಕಲಿತ ಪಥ್ಯವನ್ನೆಲ್ಲ ಮನೆಗೂ ಒಯ್ದರು, ಏಕೆಂದರೆ ಗಂಡನಿಗೆ ಬಿಪಿ. "ಇಲ್ಲಿನ ರೋಗಿಗಳು ಡಿಸ್ಚಾರ್ಜ್ ಆಗಿ ಹೋಗ್ತಾರೆ, ನಾನೊಬ್ಬ ಪರ್ಮನೆಂಟು," ಎಂದು ಆತ ಬಂದವರೆದುರು ಗೋಳು ಹೇಳಿಕೊಳ್ಳುವುದುಂಟು.

ಇಂಥ ದೊಡ್ಡಕ್ಕನ ನಿದ್ದೆಗೆಡಿಸಿದವರು ಗಂಡಸರ ವಾರ್ಡಿನ ಟೈಲರ್ ತಾತ. ಸಕ್ಕರೆ ಕಾಯಿಲೆ, ಪಾದದಲ್ಲಿ ಒಣಗದ ಗಾಯ. ಹೊಟ್ಟೆಗೆ ಚೆನ್ನಾಗಿ ಬೀಳದಿದ್ದರೆ ಪಾದ ತೆಗೆಯಬೇಕಾದೀತು ಎಂದು ಡಾಕ್ಟರು ಎಚ್ಚರಿಸಿ, ಮೊಟ್ಟೆ ತಿನ್ನಲು ಹೇಳಿದ್ದರು. ಹೆಂಡತಿ ತೀರಿಕೊಂಡ ವರ್ಷ ಮಾಂಸ, ಮೊಟ್ಟೆ ಎರಡನ್ನೂ ಬಿಟ್ಟ ತಾತ ಅದಕ್ಕೆ ಒಪ್ಪಲಿಲ್ಲ. ಅಷ್ಟೇ ಆಗಿದ್ದರೆ ಬೇಳೆಯಲ್ಲೇ ಸುಧಾರಿಸಬಹುದಿತ್ತು. ಆದರೆ ಒಂದು ಬೆಳಿಗ್ಗೆ ತಾತ ಬಿಸಿನೀರಿಗೆಂದು ಗಾಲಿಕುರ್ಚಿಯಲ್ಲಿ ಅಡುಗೆಮನೆಯ ಬಾಗಿಲಿಗೆ ಬಂದಾಗ, ದೊಡ್ಡಕ್ಕ ಉಪ್ಪು ನೋಡುವ ಅವಸರದಲ್ಲಿ ಮೊಟ್ಟೆ ಸಾರಿಗೆ ಅದ್ದಿದ ಚಮಚವನ್ನೇ ತಾತನ ಬೇಳೆಗೂ ಅದ್ದಿಬಿಟ್ಟರು. ತಾತ ಬಿಸಿನೀರು ಹಿಡಿದುಕೊಂಡು ವಾರ್ಡಿಗೆ ಮರಳಿದರು. ಅಂದಿನಿಂದ ತಟ್ಟೆಗಳು ಹೋದ ಹಾಗೇ ವಾಪಸು ಬರತೊಡಗಿದವು.

ತಾತನ ಮಗ ಕೆಳಗಿಳಿದು ಬಂದ. "ಅಕ್ಕಾ, ಮೊಟ್ಟೆಯ ಬಿಳೀದನ್ನ ಗಂಜೀಲಿ ಕಲಸಿಬಿಡಿ. ಅಪ್ಪನಿಗೆ ಗೊತ್ತೇ ಆಗಲ್ಲ. ಪಾಪ ಬಂದ್ರೆ ನನಗಿರಲಿ."

"ನನಗೂ ವಾರಕ್ಕೊಂದು ದಿನ ಉಪವಾಸ ಇದೆಯಪ್ಪ. ಯಾರಾದ್ರೂ ಮೋಸದಿಂದ ತಿನ್ನಿಸಿದ್ರೆ ಹೇಗನ್ಸುತ್ತೆ ಅಂತ ನನಗೆ ಗೊತ್ತು. ಆಗಲ್ಲ."

"ನಾಳೆ ಅಪ್ಪನ ಪಾದ ಹೋದ್ರೆ ಮಿಷನ್ ತುಳಿಯೋಕೆ ನೀವು ಬರ್ತೀರಾ?"

ಆ ಮಾತು ನಾಟಿತು. ತಾನು ಹಟ ಹಿಡಿದು ಒಬ್ಬರ ಕಾಲು ಕಳೆದರೆ ಎಂಬ ಭಯದಲ್ಲಿ ದೊಡ್ಡಕ್ಕನಿಗೆ ಅಂದು ಊಟ ಸೇರಲಿಲ್ಲ. ಸಂಜೆ ನೇರ ವಾರ್ಡಿಗೆ ಹೋಗಿ ಮಂಚದ ಪಕ್ಕ ನಿಂತರು.

"ತಾತ, ಆ ಚಮಚ ಅದ್ದಿದ್ದು ತಪ್ಪಾಯ್ತು."

"ನೋಡಿದೆನಮ್ಮಾ."

"ಒಂದು ಮಾತು ಬೈಬಾರದಿತ್ತಾ?"

"ಅಷ್ಟು ಜನಕ್ಕೆ ಬೇಯಿಸ್ತೀಯ. ನಂದೊಂದು ರಗಳೆ ಯಾಕೆ ಅಂತ ಸುಮ್ಮನಾದೆ."

ಮರುದಿನ ದೊಡ್ಡಕ್ಕ ಉಗ್ರಾಣದಿಂದ ಯಾರೂ ಬಳಸದ ಪಾತ್ರೆ, ಸೌಟು ತಂದರು. ಪಥ್ಯ ನೋಡಿಕೊಳ್ಳುವ ಮೇಡಂ ಬೇಳೆ, ಮೊಳಕೆಕಾಳು, ಮೊಸರು ಎಷ್ಟೆಷ್ಟು ಎಂದು ಲೆಕ್ಕ ಹಾಕಿಕೊಟ್ಟರು. ಅಂದಿನಿಂದ ತಾತನ ಗಾಲಿಕುರ್ಚಿ ದಿನವೂ ಅಡುಗೆಮನೆಯ ಬಾಗಿಲಲ್ಲಿ. ಅವರ ಕಣ್ಣೆದುರೇ ಅಡುಗೆ, ಅಲ್ಲೇ ಊಟ. ಮೊದಮೊದಲು ನಾಲ್ಕು ತುತ್ತಿಗೇ ಕೈ ನಿಲ್ಲುತ್ತಿತ್ತು. "ಬಾಯೆಲ್ಲ ಮಣ್ಣು ಮಣ್ಣು," ಎನ್ನುತ್ತಿದ್ದರು. ಮಗ ಗೋಡೆಗೊರಗಿ ನೋಡುತ್ತಿದ್ದ.

ಇವತ್ತು ಪಾದದ ವಿಷಯ ತೀರ್ಮಾನವಾಗುವ ದಿನ. ತಾತ ಬೇಗನೆ ತಿಂದು ಮೇಲೆ ಹೋಗಿದ್ದಾರೆ. ದೊಡ್ಡಕ್ಕ ಸೌಟು ತಿರುವುತ್ತಲೇ ಲಿಫ್ಟಿನ ಸದ್ದಿಗೆ ಕಿವಿ ಕೊಟ್ಟಿದ್ದಾರೆ. ಕೊನೆಗೆ ವಾರ್ಡಿನ ಆಯಾ ಏದುಸಿರು ಬಿಡುತ್ತಾ ಬರುತ್ತಾರೆ.

"ಕತ್ತರಿಸೋದು ಬೇಡವಂತೆ ದೊಡ್ಡಕ್ಕ. ಗಾಯ ಕೂಡ್ತಾ ಇದೆಯಂತೆ."

ದೊಡ್ಡಕ್ಕ ಒಲೆಯ ಕಡೆ ತಿರುಗಿ ಕಣ್ಣೊರೆಸಿಕೊಳ್ಳುತ್ತಾರೆ. "ತಾತ ಏನಂದ್ರು?"

"ನಿಮ್ಮ ಬೇಳೆ ಬರೀ ನೀರಂತೆ. ನಾಳೆಯಾದ್ರೂ ಬಾಯಿಗೆ ಹಿಡಿಯೋ ಹಾಗೆ ಮಾಡಬೇಕಂತೆ."

ದೊಡ್ಡಕ್ಕ ನಗುತ್ತಾರೆ. "ಬೈಲಿ ಬಿಡು. ಇಲ್ಲಿಗೆ ಬಂದೋರೆಲ್ಲ ನನ್ನ ಅಡುಗೇನ ಬೈಕೊಂಡೇ ಮನೆಗೆ ಹೋಗಲಿ. ಬೈಯೋಕೆ ಮೊದಲು ನಾಲಿಗೆಗೆ ರುಚಿ ಬಂದಿರ್ಬೇಕಲ್ಲ, ನನಗೆ ಅಷ್ಟು ಸಾಕು."