ಮಿನ್ನಾಳ ಎಡಗೈ

ಸಬ್‌ವೇ ರೈಲಿನಲ್ಲಿ ಮಿನ್ನಾ ಹಾಲ್ಪರ್ನ್ ಕೂತರೆ ಪಕ್ಕದವರು ಸ್ವಲ್ಪ ಸರಿದು ಕೂರುತ್ತಿದ್ದರು. ಆಕೆಯ ಎರಡು ಕೈಗಳೂ ತೊಡೆಯ ಮೇಲೆ ಬಡಿಯುತ್ತ, ತಿರುಗುತ್ತ, ಒಂದರ ಮೇಲೊಂದು ಹಾರುತ್ತ ಇರುತ್ತಿದ್ದವು. ಹುಚ್ಚಲ್ಲ ಅದು. ಕೈಯಲ್ಲೇ ಹೆಜ್ಜೆ ಹಾಕಿ ನೆನಪಿಟ್ಟುಕೊಳ್ಳುವುದು ಬ್ಯಾಲೆಯವರ ಹಳೇ ಅಭ್ಯಾಸ. ಬಲಗೈ ಬಲಗಾಲು, ಎಡಗೈ ಎಡಗಾಲು. ಹಾಗೆ ದಿನಕ್ಕೊಮ್ಮೆ, ಊರಂಚಿನ ಬ್ರಾಂಕ್ಸ್‌ನಿಂದ ಊರೊಳಗೆ ಬರುವಷ್ಟರಲ್ಲಿ, ಏಳು ನಿಮಿಷದ ಒಂದು ನೃತ್ಯವನ್ನು ಆಕೆ ಇಪ್ಪತ್ತೇಳು ವರ್ಷ ಕುಣಿದಳು.

ಆ ನೃತ್ಯವನ್ನು ಕೆಲೆಮೆನ್ ಮೇಷ್ಟ್ರು ೧೯೫೭ರಲ್ಲಿ ಅವಳಿಗೆಂದೇ ಕಟ್ಟಿದ್ದರು. ಹಂಸವಿಲ್ಲ, ರಾಜಕುಮಾರನಿಲ್ಲ, ಕಥೆಯೇ ಇಲ್ಲ. ಅಭ್ಯಾಸದ ಕಪ್ಪು ಬಟ್ಟೆ, ಪಿಯಾನೋ, ಮಿಂಚಿನಂಥ ಕಾಲು, ಬೀಳುವ ಅಂಚಿಗೆ ವಾಲುವ ಸೊಂಟ. ಹೊಲಿಗೆ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ ತಾಯಿ ಮೊದಲ ಸಲ ನೋಡಿ ಬಂದು, "ಬರೀ ಒಳಬಟ್ಟೇಲಿ ಕುಣೀತೀಯಲ್ಲೇ. ಒಂದು ಲಂಗ ಹೊಲಿಸೋಕೂ ಗತಿ ಇಲ್ವಾ ನಿಮ್ಮ ಮೇಷ್ಟ್ರಿಗೆ? ನನ್ನ ಹತ್ರ ಕಳಿಸು, ಬಿಟ್ಟಿ ಹೊಲಿದು ಕೊಡ್ತೀನಿ" ಎಂದಿದ್ದಳು.

ಮೇಷ್ಟ್ರು ಅದನ್ನು ಬರೆದಿಡಲಿಲ್ಲ, ಕ್ಯಾಮೆರಾ ತರಲೂ ಬಿಡಲಿಲ್ಲ. "ಮಿನ್ನಾಗೆ ಗೊತ್ತು, ಸಾಕು" ಎನ್ನುತ್ತಿದ್ದರು. ಅವರು ತೀರಿಕೊಂಡರು, ತಂಡ ಚೆದುರಿತು, ಮಿನ್ನಾಳ ಸೊಂಟ ಸವೆಯಿತು. ಕಲಿಸಿಕೊಡಿ ಎಂದು ಎರಡು ಕಂಪನಿಗಳು ಬಂದು ಬೇಡಿಕೊಂಡವು. ಅವರು ಕಳಿಸಿದ ಹುಡುಗಿಯರಲ್ಲಿ ಒಬ್ಬಳಿಗೆ ಸಂಗೀತದ ಕಿವಿ ಇಲ್ಲ ಎಂದಳು, ಇನ್ನೊಬ್ಬಳಿಗೆ ಬೆನ್ನಿಲ್ಲ ಎಂದಳು. ಏನು ಜಂಬವೋ ಅದು! ಯಾರಿಗಾದರೂ ಕೊಟ್ಟಿದ್ದರೆ ಅರ್ಧಂಬರ್ಧವಾದರೂ ಉಳಿಯುತ್ತಿತ್ತು.

ಕೊನೆಗೆ ೧೯೮೪ರಲ್ಲಿ ರೊಂಡಾ ಸಿಕ್ಕಳು. ಇಪ್ಪತ್ತರ ಹುಡುಗಿ, ಕಿವಿಯೂ ಇತ್ತು, ಬೆನ್ನೂ ಇತ್ತು. ಅವಳ ಕಂಪನಿಯ ನಿರ್ದೇಶಕ ರಸ್ಸೆಲ್ ವಸಂತದ ಕಾರ್ಯಕ್ರಮಕ್ಕೆ ಆ ನೃತ್ಯವನ್ನು ಸೇರಿಸಿ, ಕಲಿಸಲು ಮೂರು ವಾರ ಕೊಟ್ಟ. ಆ ಮೂರು ವಾರ ಶುರುವಾಗುವ ಹತ್ತು ದಿನ ಮುಂಚೆ ಮಿನ್ನಾಗೆ ಲಕ್ವ ಹೊಡೆಯಿತು. ಮಾತು ಉಳಿಯಿತು. ಎಡಭಾಗ ಬಿದ್ದುಹೋಯಿತು.

ಆದರೂ ಬಂದಳು. ಗಾಲಿ ಕುರ್ಚಿಯಲ್ಲಿ ಕನ್ನಡಿಗೆ ಬೆನ್ನು ಹಾಕಿ ಕೂತು ಬಲಗೈ ಆಡಿಸಿದಳು. ರೊಂಡಾ ನೋಡಿ ನೋಡಿ ಬಲಗಾಲಿನದೆಲ್ಲ ಕಲಿತಳು. ಎಡಗಾಲು ಬರಬೇಕಾದಲ್ಲಿ ಇಬ್ಬರೂ ನಿಂತುಬಿಡುತ್ತಿದ್ದರು.

"ಬಾಯಲ್ಲಿ ಹೇಳಿ ಮಿಸ್ ಹಾಲ್ಪರ್ನ್, ನಾನು ಮಾಡ್ತೀನಿ."

"ನನ್ನ ಬಾಯಿಗೆ ಯಾವತ್ತೂ ಗೊತ್ತಿರಲಿಲ್ಲ ಕಣೇ. ಕೈಗೆ ಗೊತ್ತಿತ್ತು."

ರೊಂಡಾ ನೆಲದ ಮೇಲೆ ಕೂತು, ಆ ಸತ್ತ ಕೈಯನ್ನು ಎತ್ತಿ ತೊಡೆಯ ಮೇಲೆ ಹೀಗೆ ಇಟ್ಟಳು, ಹಾಗೆ ಇಟ್ಟಳು. ಪಿಯಾನೋದವನು ಅದೇ ತುಣುಕನ್ನು ಹನ್ನೊಂದು ಸಲ ನುಡಿಸಿದ. ಮಿನ್ನಾ ಕಣ್ಣು ಮುಚ್ಚಿ ಕಾದಳು. ಏನೂ ಬರಲಿಲ್ಲ.

ಮೂರನೆಯ ಶುಕ್ರವಾರ ರಸ್ಸೆಲ್ ಬಂದ. "ಎಡಗಾಲಿಗೆ ರೊಂಡಾನೇ ಏನಾದ್ರೂ ಕಟ್ಕೊಳ್ಳಲಿ, ಮೇಡಂ. ಯಾರಿಗೆ ಗೊತ್ತಾಗುತ್ತೆ?"

"ನಂಗೆ ಗೊತ್ತಾಗುತ್ತೆ. ಮೇಷ್ಟ್ರ ಹೆಸರಲ್ಲಿ ಸುಳ್ಳು ಕುಣಿಸ್ಬೇಡ."

"ಹಂಗಾದ್ರೆ ಬಲಗಡೇದನ್ನ ಮಾತ್ರ ಇಟ್ಕೋತೀನಿ" ಎಂದಳು ರೊಂಡಾ, ಅಳು ತಡೆದುಕೊಂಡು.

"ಒಂದೇ ಕಾಲಲ್ಲಿ ಏಳು ನಿಮಿಷ ನಿಂತ್ಕೋತೀಯಾ, ಕೊಕ್ಕರೆ ಹಂಗೆ? ಹೋಗು, ಹೊಸದು ಕಲಿ. ನಿನ್ನ ಮೈ ಹಾಳು ಮಾಡ್ಕೋಬೇಡ."

ರಸ್ಸೆಲ್ ಆ ಏಳು ನಿಮಿಷವನ್ನು ಒಬ್ಬ ಹೊಸ ಹುಡುಗ ಕಟ್ಟಿದ ನೃತ್ಯಕ್ಕೆ ಕೊಟ್ಟ; ಕುಣಿಯುವವಳು ರೊಂಡಾನೇ. ಅದರಲ್ಲಿ ಬರಿಗಾಲು, ನೆಲದ ಮೇಲೆ ಉರುಳಾಟ, ಸಂಗೀತದ ಬದಲು ಉಸಿರಿನ ಸದ್ದು. ಅಷ್ಟರಲ್ಲಿ ಕೋಲೂರಿ ನಡೆಯುವಂತಾಗಿದ್ದ ಮಿನ್ನಾ ಮೊದಲ ದಿನ ಹೋಗಿ ನೋಡಿದಳು. ಚೆನ್ನಾಗಿಯೇ ಇತ್ತು. ಹೊಟ್ಟೆಯುರಿದದ್ದೇ ಅದಕ್ಕೆ. ರೊಂಡಾ ನೆಲಕ್ಕೆ ಬೀಳುವಾಗೊಮ್ಮೆ ಅವಳ ಸೊಂಟದಲ್ಲಿ ಮೇಷ್ಟ್ರ ಆ ವಾಲು ಕಾಣಿಸಿ ಮಾಯವಾಯಿತು. ಪಕ್ಕದಲ್ಲಿದ್ದ ಯಾರಿಗೂ ಅದು ಏನೆಂದು ಗೊತ್ತಿರಲಿಲ್ಲ.

ಮನೆಗೆ ಮರಳುವಾಗ ರೈಲಿನಲ್ಲಿ ಬಲಗೈ ತಾನಾಗಿಯೇ ಶುರು ಮಾಡಿತು. ಹದಿನಾರನೆಯ ಎಣಿಕೆಗೆ ಎಡಗೈ ಬರಬೇಕು. ಅದು ಮಡಿಲಲ್ಲೇ ಬಿದ್ದಿತ್ತು. ಬಲಗೈ ಕಾದು, ಮತ್ತೆ ಮೊದಲಿನಿಂದ ಶುರು ಮಾಡಿತು.

ಬೇಸಿಗೆ ಕಳೆಯುವಷ್ಟರಲ್ಲಿ ಬಲಗೈಯೂ ಮರೆಯಿತು. ಈಗ ರೈಲಿನಲ್ಲಿ ಆಕೆಯ ಪಕ್ಕದವರು ಯಾರೂ ಸರಿದು ಕೂರುವುದಿಲ್ಲ.